ಇಳಿದಳೋ, ಇಳಿಸಿದರೋ?

ಹತ್ತನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುವಾಗ ಒಮ್ಮೆ ‘ಓವರ್‌ಥ್ರೋ’ ಎಂಬ ಪದ ಬಂತು. ಅರ್ಥ ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ತಟ್ಟನೆ ಎದ್ದು, “ಫೀಲ್ಡರ್ ಎಸೆದ ಚೆಂಡು ವಿಕೆಟ್ ದಾಟಿ ಹೋದ್ರೆ ಓವರ್‌ಥ್ರೋ ಮಿಸ್, ಪುಕ್ಕಟೆ ರನ್ ಸಿಗುತ್ತೆ” ಎಂದ. ತರಗತಿಯೆಲ್ಲ ನಕ್ಕಿತು. ಅವನು ಹೇಳಿದ್ದು ತಪ್ಪಲ್ಲ. ಆದರೆ ಚರಿತ್ರೆಯಲ್ಲಿ ಆ ಪದಕ್ಕೆ ಅಧಿಕಾರದಲ್ಲಿರುವವರನ್ನು ಬಲವಂತವಾಗಿ ಕೆಡವುವುದು ಎಂದರ್ಥ. ಬೋರ್ಡಿನ ಮೇಲೆ ಅದರ ನೆಂಟರನ್ನೂ ಬರೆದೆ. ಡಿಫೀಟ್ ಎಂದರೆ ಸೋಲಿಸು, ಟಾಪಲ್ ಎಂದರೆ ಉರುಳಿಸು, ಡಿಪೋಸ್ ಎಂದರೆ ಪಟ್ಟದಿಂದ ಇಳಿಸು, ಅಬ್ಡಿಕೇಟ್ ಎಂದರೆ ತಾನಾಗಿ ಪಟ್ಟ ಬಿಡು.

“ಹೇಗಾದ್ರೂ ಪಟ್ಟ ಹೋಯ್ತಲ್ಲ ಮಿಸ್, ಎಲ್ಲಾ ಒಂದೇ ಅಲ್ವಾ?” ಎಂದು ಹುಡುಗಿಯೊಬ್ಬಳು ಕೇಳಿದಳು. ಉತ್ತರವಾಗಿ ಆ ದಿನ ಹವಾಯಿಯ ರಾಣಿಯ ಕಥೆ ಹೇಳಿದೆ.

ಹವಾಯಿ ಪೆಸಿಫಿಕ್ ಸಾಗರದ ನಡುವಿನ ದ್ವೀಪರಾಜ್ಯವಾಗಿತ್ತು. 1891ರಲ್ಲಿ ಅಣ್ಣ ಕಲಾಕೌವ ತೀರಿಕೊಂಡಾಗ ಲಿಲಿಯುವೊಕಲಾನಿ ಪಟ್ಟಕ್ಕೆ ಬಂದಳು. ಆಗ ಆಕೆಗೆ 52 ವರ್ಷ. ಅಷ್ಟರಲ್ಲಿ ಕಬ್ಬಿನ ತೋಟಗಳೂ ಸಕ್ಕರೆ ವ್ಯಾಪಾರವೂ ಬಹುಪಾಲು ಅಮೆರಿಕ ಮೂಲದವರ ಕೈ ಸೇರಿದ್ದವು. 1887ರಲ್ಲಿ ಅವರ ಗುಂಪು ಬಂದೂಕಿನ ಬೆದರಿಕೆಯಿಂದ ಅಣ್ಣನ ಕೈಯಲ್ಲಿ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿತ್ತು. ಅರಸನ ಅಧಿಕಾರ ಮೊಟಕಾಗಿತ್ತು, ಆಸ್ತಿಯಿಲ್ಲದ ಎಷ್ಟೋ ಸ್ಥಳೀಯರ ಮತದ ಹಕ್ಕೂ ಹೋಗಿತ್ತು. 1893ರ ಜನವರಿಯಲ್ಲಿ ರಾಣಿ ಅದನ್ನು ಬದಲಿಸಲು ಹೊರಟಳು. ಜನವರಿ 16ರಂದು ಅಮೆರಿಕದ ಯುದ್ಧನೌಕೆಯಿಂದ 160ಕ್ಕೂ ಹೆಚ್ಚು ಸೈನಿಕರು ಹೊನೊಲುಲುವಿನಲ್ಲಿ ಇಳಿದರು. ಮರುದಿನ 13 ಜನರ ಸಮಿತಿಯೊಂದು ರಾಜಪ್ರಭುತ್ವ ಮುಗಿಯಿತೆಂದು ಸಾರಿತು. ಅಮೆರಿಕದ ರಾಯಭಾರಿ ಹೊಸ ಸರ್ಕಾರಕ್ಕೆ ಕೂಡಲೇ ಮಾನ್ಯತೆ ಕೊಟ್ಟ.

ರಕ್ತ ಹರಿಯಬಾರದೆಂದು ರಾಣಿ ಮಣಿದಳು. ಆದರೆ ತನ್ನ ಪತ್ರದಲ್ಲಿ ಎಚ್ಚರದಿಂದ ಮಾತು ಆರಿಸಿದಳು. ತಾನು ಮಣಿದದ್ದು ಈ ಸಮಿತಿಯವರಿಗಲ್ಲ, ಅಮೆರಿಕದ ಬಲಕ್ಕೆ; ನಿಜ ತಿಳಿದ ಮೇಲೆ ಅಮೆರಿಕವೇ ತನ್ನನ್ನು ಮತ್ತೆ ಪಟ್ಟದಲ್ಲಿ ಕೂರಿಸಬೇಕು ಎಂದು ಬರೆದಳು. ಎದುರು ಕಡೆಯವರು ನಡೆದದ್ದನ್ನು ‘ಕ್ರಾಂತಿ’ ಎಂದು ಕರೆದುಕೊಂಡರು. ಅಮೆರಿಕದ ಅಧ್ಯಕ್ಷ ಕ್ಲೀವ್‌ಲೆಂಡ್ ವಿಚಾರಣೆ ಮಾಡಿಸಿ, ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಇದು ಅನ್ಯಾಯವೆಂದು ಒಪ್ಪಿಕೊಂಡ. ಪಟ್ಟ ಮಾತ್ರ ಮರಳಲಿಲ್ಲ.

1895ರಲ್ಲಿ ರಾಣಿಯ ಕಡೆಯವರು ಎದ್ದ ಬಂಡಾಯ ಸೋತಿತು. ಆಕೆಯನ್ನು ಸೆರೆಹಿಡಿದು ಆಕೆಯದೇ ಅರಮನೆಯ ಕೋಣೆಯೊಂದರಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಅಲ್ಲಿಗೆ ಪದತ್ಯಾಗದ ಪತ್ರ ತಂದರು. ಸಹಿ ಹಾಕದಿದ್ದರೆ ತನ್ನನ್ನು ನಂಬಿದವರ ಪ್ರಾಣ ಹೋದೀತೆಂದು ಸಹಿ ಹಾಕಿದಳು. ಗಂಡನ ಮನೆಹೆಸರು ಸೇರಿಸಿ ‘ಲಿಲಿಯುವೊಕಲಾನಿ ಡಾಮಿನಿಸ್’ ಎಂದೇ ಬರೆಯಬೇಕೆಂದರು. ತಾನು ಆ ಹೆಸರನ್ನು ಎಂದೂ ಬಳಸಿದವಳಲ್ಲ ಎಂದು 1898ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆಕೆ ಹೇಳಿಕೊಂಡಿದ್ದಾಳೆ. ಹೀಗೆ ಇಳಿಸಿದವರು ‘ಇಳಿದಳು’ ಎಂದು ಅವಳ ಕೈಯಲ್ಲೇ ಬರೆಸಿಕೊಂಡರು.

ಸೆರೆಯಲ್ಲಿ ಆಕೆ ನಮ್ಮ ಕಡೆಯ ಕೌದಿಯಂತೆ ಬಟ್ಟೆಯ ತುಂಡು ಜೋಡಿಸಿ ಹೊದಿಕೆ ಹೊಲಿಯತೊಡಗಿದಳು. ತನ್ನ ಬಾಳಿನ, ಸೆರೆವಾಸದ ದಿನಾಂಕಗಳನ್ನು ದಾರದಲ್ಲಿ ಅದರ ಮೇಲೆ ಮೂಡಿಸಿದಳು. ಕಾಗದದಲ್ಲಿ ಬೇರೆಯವರು ಬರೆಸಿದ ಕಥೆ, ಬಟ್ಟೆಯಲ್ಲಿ ಅವಳದೇ ಕಥೆ.

1897ರಲ್ಲಿ 21,000ಕ್ಕೂ ಹೆಚ್ಚು ಹವಾಯಿ ಜನ, ಹೆಂಗಸರೂ ಸೇರಿ, ತಮ್ಮ ನಾಡನ್ನು ಅಮೆರಿಕಕ್ಕೆ ಸೇರಿಸಬೇಡಿ ಎಂದು ಅರ್ಜಿಗೆ ಸಹಿ ಹಾಕಿದರು. ಮರುವರ್ಷ ಸೇರಿಸಿಯೇಬಿಟ್ಟರು. ರಾಣಿ 1917ರಲ್ಲಿ ತೀರಿಕೊಂಡಳು. ಪಟ್ಟ ಹೋದ ನೂರು ವರ್ಷದ ಮೇಲೆ, 1993ರ ನವೆಂಬರಿನಲ್ಲಿ, ಅಮೆರಿಕದ ಸಂಸತ್ತಿನ ನಿರ್ಣಯಕ್ಕೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿ ಕ್ಷಮೆ ಕೇಳಿದರು. ಆ ನಿರ್ಣಯದಲ್ಲಿ 1893ರ ಘಟನೆಗೆ ಬಳಸಿದ ಪದ ‘ಓವರ್‌ಥ್ರೋ’. ರಾಜ್ಯ ಹಿಂದಿರುಗಲಿಲ್ಲ, ಸರಿಯಾದ ಪದ ಮಾತ್ರ ಬಂತು.

ಕನ್ನಡದಲ್ಲಿ ಇದನ್ನು ವಿವರಿಸುವುದು ಸುಲಭ. ಇಳಿ–ಇಳಿಸು, ಉರುಳು–ಉರುಳಿಸು, ಬಿಡು–ಬಿಡಿಸು. ‘ಇಸು’ ಸೇರಿದ ಕೂಡಲೇ ಮಾಡಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದು ಬೇಡವಾದವರು ‘ಇಸು’ವನ್ನು ಬಿಟ್ಟು ಮಾತಾಡುತ್ತಾರೆ. ಲೋಟ ಬೀಳಿಸಿದ ಮಗು “ಲೋಟ ಬಿತ್ತು” ಎನ್ನುವುದಿಲ್ಲವೇ?

ಮಕ್ಕಳಿಗೆ ಇಷ್ಟು ಹೇಳಿ ಮನೆಗೆ ಬಂದವಳಿಗೆ ಹಳೆಯದೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಮದುವೆ ಮಾಡಲೆಂದು ತಂದೆ ಶಾಲೆಯಿಂದ ಕರೆದೊಯ್ದರು. ಓದಿನಲ್ಲಿ ಮುಂದಿದ್ದವಳು. ಬಾಗಿಲ ಬಳಿ ಅಳುತ್ತ ನಿಂತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಶಾಲೆ ಬಿಟ್ಟಿದ್ದಾಳೆ’ ಎಂದು ಬರೆದವಳು ನಾನೇ.

ಆ ಪುಟವನ್ನು ಈಗ ತಿದ್ದಲಾಗದು. ಆ ಪಾಠ ಮಾಡಿದ ಮೇಲೆ ಅಂಥ ಪ್ರಸಂಗ ಬಂದಾಗ ‘ಮನೆಯವರು ಬಿಡಿಸಿದ್ದಾರೆ’ ಎಂದೇ ಬರೆದೆ. ಮುಖ್ಯೋಪಾಧ್ಯಾಯರು ನೋಡಿ, “ಏನ್ ಮೇಡಂ, ಎರಡೂ ಒಂದೇ ಅಲ್ವೇ?” ಎಂದರು.

“ಅಲ್ಲ ಸಾರ್” ಎಂದೆ.