ಸುಣ್ಣಕಲ್ಲಿನ ಸೀಮೆಯಲ್ಲಿ ಮೌಲ್ಯದ ನಕ್ಷೆಗಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಲ್ಲಿ ಕಪ್ಪು ಮಣ್ಣಿನ ಕೆಳಗೆ ಸುಣ್ಣಕಲ್ಲು ಹಾಸಿಕೊಂಡಿದೆ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಹುಟ್ಟಿದಾಗ ಶಹಾಬಾದ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತ್ತು. ಒಂದು ಉದ್ಯಮ ಯಾರಿಗೆ ಏನು ಕೊಡುತ್ತದೆ, ಬದಲಿಗೆ ಏನು ಪಡೆಯುತ್ತದೆ ಎಂದು ಬಿಡಿಸಿ ತೋರಿಸುವ ಮೌಲ್ಯ ಮಾದರಿಗಳು ಬೆಳೆದುಬಂದ ಬಗೆಯನ್ನು ಅರಿಯಲು ಇದು ತಕ್ಕ ನೆಲ. ಯಾವ ಮಾದರಿ ಯಾರನ್ನು ಲೆಕ್ಕಕ್ಕೆ ಹಿಡಿಯಿತು, ಯಾರನ್ನು ಹೊರಗಿಟ್ಟಿತು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

1968ರಲ್ಲಿ ಎಸಿಸಿಯ ವಾಡಿ ಕಾರ್ಖಾನೆ ಶುರುವಾದಾಗ ಸಿಮೆಂಟಿನ ಬೆಲೆ ಸರ್ಕಾರದ ಕೈಯಲ್ಲಿತ್ತು. ತಯಾರಿಕೆಯ ಖರ್ಚಿನ ಮೇಲೆ ಇಂತಿಷ್ಟು ಲಾಭ ಸೇರಿಸಿ ಕಾರ್ಖಾನೆಗೆ ದಕ್ಕುವ ದರ ಗೊತ್ತುಮಾಡುತ್ತಿದ್ದರು. ವಿಶ್ಲೇಷಣೆ ಎಂದರೆ ಖರ್ಚಿನ ಪಟ್ಟಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಲಾರೆನ್ಸ್ ಮೈಲ್ಸ್ 1947ರ ಸುಮಾರಿಗೇ ಬೇರೆ ದಾರಿ ಹಿಡಿದಿದ್ದರು: ಈ ಬಿಡಿಭಾಗ ಮಾಡುವ ಕೆಲಸವೇನು, ಅದೇ ಕೆಲಸ ಕಡಿಮೆ ಖರ್ಚಿನಲ್ಲಿ ಹೇಗಾದೀತು? ಬೆಲೆ ಕಟ್ಟುವ ಹಕ್ಕೇ ಇಲ್ಲದ ಕಡೆ ಇಂಥ ಪ್ರಶ್ನೆಗೆ ಬಲ ಬರುವುದು ಕಷ್ಟ.

1982ರ ಫೆಬ್ರವರಿಯಲ್ಲಿ ನಿಯಂತ್ರಣ ಅರೆಬರೆ ಸಡಿಲವಾಯಿತು, 1989ರ ಮಾರ್ಚ್‌ನಲ್ಲಿ ಪೂರ್ತಿ ಹೋಯಿತು. ಈ ನಡುವೆ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಕಾರ್ಖಾನೆಗಳು ಎದ್ದವು. 1985ರಲ್ಲಿ ಮೈಕೇಲ್ ಪೋರ್ಟರ್ ಮುಂದಿಟ್ಟ 'ಮೌಲ್ಯ ಸರಪಳಿ' ಸಿಮೆಂಟಿಗೆ ಚೆನ್ನಾಗಿ ಒಪ್ಪುತ್ತದೆ. ಸಿಮೆಂಟಾಗಿ ಅರೆಯುವ ಸುಟ್ಟ ಗಟ್ಟಿ, ಅಂದರೆ ಕ್ಲಿಂಕರ್, ಒಂದು ಟನ್ ಆಗಲು ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಹಾಗಾಗಿ ಕಾರ್ಖಾನೆ ಕಲ್ಲಿನ ಮಗ್ಗುಲಲ್ಲಿ, ಗಿರಾಕಿ ದೂರದಲ್ಲಿ. ವಾಡಿ ಜಂಕ್ಷನ್ನಿನಿಂದ ಮುಂಬೈ, ರಾಯಚೂರು, ಸಿಕಂದರಾಬಾದ್ ಮೂರೂ ಕಡೆಗೆ ಹಳಿ ಇರುವುದರ ಬೆಲೆ ಏನೆಂದು ಈ ಸರಪಳಿ ತೋರಿಸಿಕೊಡುತ್ತದೆ. ಆದರೆ ಅದು ನೋಡುವುದು ಒಂದೇ ಕಂಪನಿಯ ಒಳಗಿನಿಂದ. ಗೇಟಿನ ಹೊರಗಿನವರೆಲ್ಲ ಅದಕ್ಕೆ ಪೂರೈಕೆದಾರರು, ಇಲ್ಲವೇ ಗಿರಾಕಿಗಳು.

ಈ ಗೋಡೆಯನ್ನು ದಾಟಿಸಿದ ಬಗೆಗಳಲ್ಲಿ ಒಂದು ಲೆಕ್ಕಶಾಸ್ತ್ರದ ಕಡೆಯಿಂದ ಬಂತು. ವಹಿವಾಟನ್ನು ಸಂಪನ್ಮೂಲ, ಘಟನೆ, ಪಾತ್ರಧಾರಿ ಎಂದು ಮೂರಾಗಿ ಬಿಡಿಸುವ ಮಾದರಿಯನ್ನು ವಿಲಿಯಂ ಮೆಕಾರ್ಥಿ 1982ರಲ್ಲಿ ಕೊಟ್ಟರು. 2000ದ ಆಸುಪಾಸಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಾಪ್ ಗೋರ್ಡೈನ್ ಮತ್ತು ಹಾನ್ಸ್ ಅಕ್ಕರ್ಮನ್ಸ್, ಯಾರಿಂದ ಯಾರಿಗೆ ಏನು ಹೋಗುತ್ತದೆ ಎಂದು ಬಾಣಗಳಲ್ಲಿ ಬಿಡಿಸುವ ಇ3ವ್ಯಾಲ್ಯೂ ರೂಪಿಸಿದರು. ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಅವರ, ಉದ್ಯಮದ ಮಾದರಿಯನ್ನು ಒಂದೇ ಪುಟದಲ್ಲಿ ಬಿಡಿಸುವ ಕ್ಯಾನ್ವಾಸ್ 2010ರ ಪುಸ್ತಕದಿಂದ ಜಗತ್ತಿಗೆಲ್ಲ ಹಬ್ಬಿತು. ಹೆಚ್ಚು ಹೆಸರಾದದ್ದು ಕ್ಯಾನ್ವಾಸ್. ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದು ಇ3ವ್ಯಾಲ್ಯೂ. ಕೊಟ್ಟವನಿಗೆ ಏನಾದರೂ ಮರಳಿ ಬರಲೇಬೇಕು ಎಂಬುದು ಅದರ ಕಟ್ಟುಪಾಡು. ಮರಳುವ ಬಾಣವಿಲ್ಲದಿದ್ದರೆ ನಕ್ಷೆ ಪೂರ್ತಿಯಾಗುವುದಿಲ್ಲ.

ನೆಲಕ್ಕೆ ಹಾಸುವ ಶಹಾಬಾದ ಕಲ್ಲಿಗೆ ಇ3ವ್ಯಾಲ್ಯೂವನ್ನು ಹಚ್ಚಿ ನೋಡೋಣ. ಜಮೀನಿನ ಒಡೆಯ, ಗಣಿ ನಡೆಸುವವರು, ಪದರ ಪದರವಾಗಿ ಕೂತ ಕಲ್ಲನ್ನು ಉಳಿ ಸುತ್ತಿಗೆ ಹಿಡಿದು ಎಬ್ಬಿಸುವ ಕೂಲಿಕಾರರು, ಕಟಿಂಗ್ ಪಾಲಿಶ್ ಘಟಕ, ಲಾರಿ, ವ್ಯಾಪಾರಿ, ಕೊನೆಗೆ ಮನೆ ಕಟ್ಟಿಸುವವರು. ಹಾಸುಗಲ್ಲು ಚದರ ಅಡಿ ಲೆಕ್ಕದಲ್ಲಿ ಮುಂದಕ್ಕೆ ಹೋಗುತ್ತದೆ, ಹಣ ಹಿಂದಕ್ಕೆ ಬರುತ್ತದೆ. ಇಷ್ಟು ಬಿಡಿಸಿದ ಮೇಲೆ ಉಳಿದ ಬಾಣಗಳು ಎದ್ದು ಕಾಣತೊಡಗುತ್ತವೆ. ಕೂಲಿಕಾರರ ಎದೆಗೆ ಹೋಗುವ ದೂಳಿಗೆ ಮರಳಿ ಬರುವುದೇನು? ಗಣಿಯಂಚಿಗೆ ಗುಡ್ಡೆ ಬಿದ್ದ ಒಡಕು ಕಲ್ಲನ್ನು ಒಯ್ಯುವವರು ಯಾರು? ಕಲ್ಲು ತೀರಿದ ಮೇಲೆ ಉಳಿಯುವ ಹೊಂಡ ಯಾರ ಖಾತೆಗೆ? ಖರ್ಚಿನ ಪಟ್ಟಿ ಈ ಮೂರನ್ನೂ ಕೇಳುವುದಿಲ್ಲ. ಪೋರ್ಟರ್ ಸರಪಳಿಯೂ ಅಷ್ಟೇ.

ಸಿಮೆಂಟಿನ ಕಡೆ ಒಂದು ಬಾಣವನ್ನು ಕಾನೂನೇ ಎಳೆದಿದೆ. 2014ರಲ್ಲಿ ಸಿಮೆಂಟಿಗೆ ಬಳಸುವ ಸುಣ್ಣಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ ಎಂದಾಯಿತು. ಗಣಿ ಕಾನೂನಿನ 2015ರ ತಿದ್ದುಪಡಿಯ ಪ್ರಕಾರ ಹಳೆಯ ಗುತ್ತಿಗೆಗಳು ಅದರ ಶೇ. 30, ಅಂದರೆ 24 ರೂಪಾಯಿಯನ್ನು ಗಣಿ ಬಾಧಿತ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಒಂದು ಟನ್ ಕ್ಲಿಂಕರಿನ ಲೆಕ್ಕಕ್ಕೆ ಸುಮಾರು 36 ರೂಪಾಯಿ. ಗಣಿ ಬಾಧಿತ ಹಳ್ಳಿ ಆಗ ಮೊದಲ ಸಲ ನಕ್ಷೆಯೊಳಗೆ ಬಂತು. ಸುಣ್ಣಕಲ್ಲು ಸುಡುವಾಗ ಕಲ್ಲಿನೊಳಗಿಂದಲೇ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಕ್ಲಿಂಕರ್ ಟನ್ನಿಗೆ ಅರ್ಧ ಟನ್ನಿಗೂ ಮಿಗಿಲು. 2023ರ ಕಾರ್ಬನ್ ಕ್ರೆಡಿಟ್ ಯೋಜನೆ ಅದಕ್ಕೂ ದರ ಕಟ್ಟುವ ದಾರಿ ತೆರೆದಿದೆ.

ಇಷ್ಟಾದರೂ ಕಾರ್ಖಾನೆ ಕೈಬದಲಾಗುವಾಗ ಮಾತು ಮತ್ತೆ ಹಳೆಯ ಜಾಡಿಗೇ ಹೊರಳುತ್ತದೆ. 2022ರಲ್ಲಿ ಎಸಿಸಿ ಅದಾನಿ ಸಮೂಹದ ಪಾಲಾಯಿತು, 2025ರಲ್ಲಿ ವಾಸವದತ್ತಾದ ಒಡೆಯ ಕೇಸೋರಾಮ್‌ನ ಸಿಮೆಂಟ್ ವ್ಯವಹಾರ ಅಲ್ಟ್ರಾಟೆಕ್‌ಗೆ ಸೇರಿತು. ಇಂಥ ಖರೀದಿಗಳನ್ನು ಮಾರುಕಟ್ಟೆ ಅಳೆಯುವುದು ಸಾಮರ್ಥ್ಯದ ಟನ್ನಿಗೆ ಎಷ್ಟು ಹಣ ಎಂದು. ಹೂಡಿಕೆದಾರರಿಗೆ ಆ ಅಂಕಿ ಬೇಕು, ಒಪ್ಪೋಣ. ವಾಡಿ ಪಟ್ಟಣ ಅದರೊಳಗೆ ಹಿಡಿಸುವುದಿಲ್ಲ.

ಇದೇ ಸೀಮೆಯ ತೊಗರಿಯ ನಕ್ಷೆ ಇನ್ನೂ ಬಿಡಿಸಬೇಕಾಗಿದೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆ ಹೆಸರಿಗೆ ಸಿಗುವ ಹೆಚ್ಚಿನ ಬೆಲೆ ಪಾಕೀಟಿನ ಹಂತದಲ್ಲಿ ಹುಟ್ಟುತ್ತದೆ. ಸೇಡಂನ ರೈತರ ಚೀಲ ಅಡತಿಯಲ್ಲಿ ಹತ್ತಾರು ಊರಿನ ಮಾಲಿನ ಜೊತೆ ಬೆರೆತು ದಾಲ್ ಮಿಲ್ ಸೇರಿದರೆ, ಆ ಹೆಚ್ಚುವರಿ ಹಣ ರೈತರ ಕಡೆಗೆ ಮರಳುವ ದಾರಿಯೇ ಉಳಿಯುವುದಿಲ್ಲ. ಊರು, ತಳಿ, ತೂಕ ಬರೆದ ಚೀಟಿ ತೂಕದ ಕಟ್ಟೆಯಿಂದ ಮಿಲ್‌ವರೆಗೆ ಚೀಲದ ಜೊತೆಗೇ ಹೋಗಬೇಕು. ಅಲ್ಲಿಯವರೆಗೆ ಆ ಬಾಣ ಎಳೆಯಲು ಬರುವುದಿಲ್ಲ.