ಕಾಫಿ ಸೀಮೆಯ ಜನಜೀವನದಲ್ಲಿ ಹಾಡು: ಒಂದು ಚಾರಿತ್ರಿಕ ವಿವೇಚನೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳನ್ನು ಒಳಗೊಂಡ ಬೆಟ್ಟದ ಸೀಮೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎರಡು ಬಗೆಯ ಆಧಾರಗಳನ್ನು ಅವಲಂಬಿಸಿದ್ದಾರೆ. ಒಂದು ಶಾಸನ, ಇನ್ನೊಂದು ತೋಟದ ದಾಖಲೆ. ಆಗ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂಬುದು ಇಂತಹ ಆಧಾರಗಳಿಂದ ತಿಳಿದುಬಂದ ಸಂಗತಿ. ಇತ್ತ ತೋಟಗಾರ ರಾಬರ್ಟ್ ಎಲಿಯಟ್ ೧೮೯೪ರಲ್ಲಿ ಪ್ರಕಟಿಸಿದ ಗ್ರಂಥದಿಂದ ನೆರಳು, ಗೊಬ್ಬರ, ಬೇಟೆ ಮೊದಲಾದವುಗಳ ವಿವರ ನಮಗೆ ದೊರೆಯುತ್ತದೆ. ಅರಸನು ಬಿಟ್ಟ ದತ್ತಿಯನ್ನು ಶಾಸನ ಹೇಳುತ್ತದೆ. ಗಿಡ ಕೊಟ್ಟ ಫಲವನ್ನು ತೋಟದ ಪುಸ್ತಕ ಹೇಳುತ್ತದೆ. ಗದ್ದೆಯಲ್ಲಿ ಸಸಿ ನೆಟ್ಟವರೂ ತೋಟದಲ್ಲಿ ಹಣ್ಣು ಕೊಯ್ದವರೂ ದಿನವನ್ನು ಹೇಗೆ ಕಳೆದರೆಂಬುದನ್ನು ಎರಡೂ ಹೇಳುವುದಿಲ್ಲ. ಆ ವಿಷಯವನ್ನು ಬಲ್ಲ ಮೂರನೆಯ ಆಧಾರವೊಂದುಂಟು. ಅದು ಹಾಡು.

ಹಾಡನ್ನು ಬಿಡುವಿನ ವಿನೋದವೆಂದು ತಿಳಿಯುವುದು ವಿದ್ಯಾವಂತರಲ್ಲಿ ರೂಢಿಯಾಗಿದೆ. ಕೆಲಸ ಮುಗಿದ ಮೇಲೆ ಸಂಗೀತ, ಹೊಟ್ಟೆ ತುಂಬಿದ ಮೇಲೆ ಸಂತೋಷ ಎಂಬುದು ಅವರ ಎಣಿಕೆ. ಮಲೆನಾಡಿನ ಸಾಮಾನ್ಯ ಜನರ ಬಾಳಿನಲ್ಲಿ ಈ ವಿಭಾಗ ಕಂಡುಬರುವುದಿಲ್ಲ. ಅಲ್ಲಿ ಹಾಡು ಕೆಲಸದ ಒಳಗೇ ಇತ್ತು. ಋತು ಬದಲಾದಂತೆ ಕೆಲಸ ಬದಲಾಗುತ್ತಿತ್ತು, ಕೆಲಸ ಬದಲಾದಂತೆ ಹಾಡೂ ಬದಲಾಗುತ್ತಿತ್ತು. ಈ ವರ್ಷಚಕ್ರವನ್ನು ಗುರುತಿಸಿ, ಕಾಫಿಯ ಬೇಸಾಯ ಅದರಲ್ಲಿ ತಂದ ಮಾರ್ಪಾಡನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಸೀಮೆಯ ಭಾಷಾಸ್ಥಿತಿಯನ್ನು ಗಮನಿಸಬೇಕು. ಘಟ್ಟದ ಮೇಲಿನ ನಾಡು ಕನ್ನಡದ್ದು, ಕೆಳಗಿನ ನಾಡು ತುಳುವಿನದು. ಆದರೆ ಇವುಗಳ ನಡುವೆ ಗೋಡೆಯೇನೂ ಇರಲಿಲ್ಲ. ಕಳಸ ಮತ್ತು ಕಾರ್ಕಳಗಳೆರಡನ್ನೂ ಆಳಿದ ಭೈರರಸರು ಘಟ್ಟದ ಎರಡು ಕಡೆಗೂ ಒಡೆಯರಾಗಿದ್ದರು. ಕಾರ್ಕಳದಲ್ಲಿ ೧೪೩೨ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಈ ವಂಶದವನೇ. ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂಬ ಐತಿಹ್ಯ ಹದಿನೇಳನೆಯ ಶತಮಾನಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ದೊಡ್ಡ ತೋಟಗಳು ಹಬ್ಬಿದಾಗ ಆಳುಗಳ ಅಗತ್ಯ ಹೆಚ್ಚಿತು. ಮೇಸ್ತ್ರಿಗಳು ಮುಂಗಡ ಕೊಟ್ಟು ಬಯಲುಸೀಮೆಯಿಂದಲೂ ತಮಿಳು ನಾಡಿನಿಂದಲೂ ದಕ್ಷಿಣ ಕನ್ನಡದಿಂದಲೂ ಜನರನ್ನು ಕರೆತಂದರು. ಬೆಳ್ತಂಗಡಿಯ ಕಡೆಯವರು ಚಾರ್ಮಾಡಿ ಘಟ್ಟ ಹತ್ತಿ ಕೊಟ್ಟಿಗೆಹಾರದ ಮಾರ್ಗವಾಗಿ ಮೂಡಿಗೆರೆಯ ತೋಟಗಳನ್ನು ಸೇರುತ್ತಿದ್ದರು. ಕೊಯ್ಲು ಮುಗಿಸಿ ಮಳೆಗೆ ಮುನ್ನ ಹಿಂದಿರುಗುವವರೂ ಅವರಲ್ಲಿದ್ದರು. ಬಂದವರ ಗಂಟಿನಲ್ಲಿ ಕಂಬಳಿ, ಪಾತ್ರೆಗಳಿದ್ದವು, ನಾಲಗೆಯಲ್ಲಿ ಹಾಡುಗಳಿದ್ದವು.

ವರ್ಷಚಕ್ರವನ್ನು ಮುಂಗಾರಿನಿಂದ ಆರಂಭಿಸಬಹುದು. ಆಷಾಢ, ಶ್ರಾವಣಗಳಲ್ಲಿ ಗದ್ದೆಯ ನಾಟಿ. ಹೆಂಗಸರು ಗೊರಬು ಹೊದ್ದು, ಕೆಸರಿನಲ್ಲಿ ಕಾಲೂರಿ, ಬೆನ್ನು ಬಗ್ಗಿಸಿ ಸಾಲಾಗಿ ನಿಂತು ಹಿಂದೆ ಸರಿಯುತ್ತಾ ಸಸಿ ನೆಡುತ್ತಾರೆ. ಒಬ್ಬಳು ಹೇಳುತ್ತಾಳೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಈ ಕ್ರಮಕ್ಕೆ ಸ್ಪಷ್ಟವಾದ ಪ್ರಯೋಜನವಿದೆ. ಸಾಲಿನಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ ಆಗದಂತೆ ಹಾಡು ಕೈಗಳನ್ನು ಹೊಂದಿಸುತ್ತದೆ. ಹೊಸಬಳಿಗೆ ಕೆಲಸದ ಲಯ ಕಲಿಸುತ್ತದೆ. ಸೊಂಟದ ನೋವಿನಿಂದ ಮನಸ್ಸನ್ನು ಬೇರೆ ಕಡೆಗೆ ಸೆಳೆಯುತ್ತದೆ. ತುಳುವರ ಪಾಡ್ದನಗಳಾದರೋ ಕಥನಗೀತಗಳು. ಒಂದು ಕಥೆ ಇಡೀ ಹಗಲಿಗೆ ಸಾಲುವಷ್ಟು ದೀರ್ಘವಾಗಬಲ್ಲದು. ಅವುಗಳಲ್ಲಿ ಪ್ರಸಿದ್ಧವಾದ ಸಿರಿಯ ಕಥೆಯ ನಾಯಿಕೆ ತನಗೆ ಅನ್ಯಾಯವೆಸಗಿದ ಗಂಡ ಕಾಂತು ಪೂಂಜನನ್ನು ತ್ಯಜಿಸಿ ಹೊರಟುಹೋಗುತ್ತಾಳೆ. ಪರರ ಗದ್ದೆಯಲ್ಲಿ ಕೂಲಿಗೆ ದುಡಿಯುವ ಹೆಂಗಸರು ಇಂತಹ ಕಥೆಯನ್ನು ಗಟ್ಟಿಯಾಗಿ, ಎಲ್ಲರೂ ಕೇಳುವಂತೆ ಹಾಡಿದರೆಂಬುದು ಚಿಂತನಾರ್ಹವಾದ ವಿಷಯ. ಮನೆಯಲ್ಲಿ ಬಾಯಿಬಿಟ್ಟು ಆಡಲಾಗದ ಮಾತನ್ನು ಗದ್ದೆಯಲ್ಲಿ ಹಾಡಿ ಹೇಳಬಹುದಾಗಿತ್ತು. ಅವರು ಪಡೆದ ಆನಂದದಲ್ಲಿ ಇದೂ ಒಂದಂಶವೆಂದು ನಾವು ಭಾವಿಸುತ್ತೇವೆ.

ಅದೇ ಮಳೆಗಾಲದ ರಾತ್ರಿಗಳಲ್ಲಿ ಮನೆಯ ಜಗಲಿ ಇನ್ನೊಂದು ಬಗೆಯ ಗಾನಕ್ಕೆ ಎಡೆಯಾಗುತ್ತಿತ್ತು. ಓದಬಲ್ಲ ಒಬ್ಬನು ದೀಪದೆದುರು ಕುಳಿತು ಕುಮಾರವ್ಯಾಸನ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ವಾಚಿಸುವನು. ಇನ್ನೊಬ್ಬನು ಅರ್ಥ ಹೇಳುವನು. ಜೈಮಿನಿ ಭಾರತದ ಕರ್ತೃ ಲಕ್ಷ್ಮೀಶನ ಊರು ಇದೇ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರು. ಅಕ್ಷರವರಿಯದವರು ಕೂಡ ಷಟ್ಪದಿಗಳನ್ನು ಕಿವಿಯಿಂದಲೇ ಕಲಿತು ಸಂದರ್ಭ ಬಂದಾಗ ಹೇಳುವಂತಾದದ್ದು ಈ ವಾಚನದಿಂದ. ಯಕ್ಷಗಾನದ ಕುಣಿತಕ್ಕೆ ಬಯಲು ದೊರೆಯದ ಈ ತಿಂಗಳುಗಳಲ್ಲಿ ತಾಳಮದ್ದಲೆ ಅದರ ಸ್ಥಾನವನ್ನು ತುಂಬುತ್ತಿತ್ತು. ವೇಷವಿಲ್ಲ, ರಂಗವಿಲ್ಲ, ಭಾಗವತನ ಕಂಠ, ಮದ್ದಳೆ, ಅರ್ಥಧಾರಿಗಳ ಮಾತು ಇಷ್ಟೇ ಸಾಕು.

ಮಳೆ ಹಿಂದೆಗೆದ ಮೇಲೆ ದೀಪಾವಳಿ. ಬಲಿಪಾಡ್ಯಮಿಯ ರಾತ್ರಿಯಿಂದ ಗಂಡಸರ ತಂಡಗಳು ಜ್ಯೋತಿಯನ್ನು ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುವ ಅಂಟಿಗೆ ಪಂಟಿಗೆಯ ಸಂಪ್ರದಾಯ ಕೊಪ್ಪ, ಶೃಂಗೇರಿ ಮತ್ತು ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ವಿಶೇಷವಾಗಿ ಬೆಳೆದುಬಂದಿದೆ. ಮಲೆನಾಡಿನ ಮನೆಗಳು ಒತ್ತಾಗಿ ಕಟ್ಟಿದವಲ್ಲ. ಒಂದೊಂದು ಮನೆ ಒಂದೊಂದು ಕಣಿವೆಯಲ್ಲಿರುವುದೂ ಉಂಟು. ಕತ್ತಲಲ್ಲಿ ಕಾಡುದಾರಿ ನಡೆದು ಬಂದವರು ಹಾಡಿನಿಂದಲೇ ಬಾಗಿಲು ತೆಗೆಸುತ್ತಾರೆ; ಮನೆಯಾಕೆ ಜ್ಯೋತಿಗೆ ಎಣ್ಣೆಯೆರೆದು ಅಕ್ಕಿ, ಕಾಣಿಕೆ ಕೊಡುತ್ತಾಳೆ. ದೀಪ ನಂದದಂತೆ ಕಾಯುವುದು ತಂಡದ ಹೊಣೆ. ಚದುರಿದ ಮನೆಗಳನ್ನು ವರ್ಷಕ್ಕೊಮ್ಮೆ ಒಂದು ಊರನ್ನಾಗಿ ಹೆಣೆಯುವ ಕೆಲಸವನ್ನು ಇಲ್ಲಿ ಹಾಡು ಮಾಡುತ್ತದೆ.

ದೀಪಾವಳಿಯ ತರುವಾಯ ಕಾಫಿಯ ಕೊಯ್ಲು ತೊಡಗುತ್ತದೆ. ಅರೇಬಿಕ ಹಣ್ಣಾಗುವುದು ನವೆಂಬರಿನಿಂದ ಜನವರಿಯವರೆಗೆ. ರೊಬಸ್ಟ ಅದರ ಬಳಿಕ. ಇಲ್ಲಿಗೆ ಬಂದಾಗ ಹಾಡಿನ ಚರಿತ್ರೆಯಲ್ಲಿ ಒಂದು ತಿರುವು ಕಾಣುತ್ತದೆ. ಗದ್ದೆಯ ನಾಟಿ ಹತ್ತು ಕೈಗಳ ಒಂದೇ ಚಲನೆ. ಹಣ್ಣಿನ ಕೊಯ್ಲು ಹಾಗಲ್ಲ. ಒಬ್ಬೊಬ್ಬರು ಒಂದೊಂದು ಗಿಡದ ಬಳಿ ನಿಂತು, ರೆಂಬೆ ಬಗ್ಗಿಸಿ, ಹಣ್ಣನ್ನು ಆಯ್ದು ಕೀಳಬೇಕು. ಒಂದು ಗಿಡದಲ್ಲಿ ಫಲ ಹೆಚ್ಚು, ಇನ್ನೊಂದರಲ್ಲಿ ಕಡಮೆ. ಆದುದರಿಂದ ಎಲ್ಲರ ಕೈಗೂ ಸಮಾನವಾದ ಲಯ ಹುಟ್ಟುವುದಿಲ್ಲ. ಸಂಜೆ ಕಣದಲ್ಲಿ ಪ್ರತಿಯೊಬ್ಬರ ಹಣ್ಣನ್ನೂ ಬೇರೆ ಬೇರೆಯಾಗಿ ಅಳೆದು ಅಥವಾ ತೂಗಿ ಲೆಕ್ಕ ಹಿಡಿಯುವಲ್ಲಿ ಪಕ್ಕದವಳು ಒಡನಾಡಿಯಾಗಿರುವಂತೆಯೇ ಪ್ರತಿಸ್ಪರ್ಧಿಯೂ ಆಗುತ್ತಾಳೆ. ಮೇಲಾಗಿ, ಒಬ್ಬಳ ಮಾತು ತುಳು, ಇನ್ನೊಬ್ಬಳದು ತಮಿಳು, ಮತ್ತೊಬ್ಬಳದು ಕನ್ನಡ. ಸೊಲ್ಲೆತ್ತಲು ಒಂದು ಭಾಷೆ ಬೇಕಷ್ಟೆ.

ಇದರಿಂದ ತೋಟದಲ್ಲಿ ಹಾಡೇ ಇರಲಿಲ್ಲವೆಂದು ತೀರ್ಮಾನಿಸಬಾರದು. ಗಿಡದ ಮರೆಯಲ್ಲಿ ಒಂಟಿಯಾಗಿ ಗುನುಗುವವರು ಇದ್ದೇ ಇದ್ದರು. ಆದರೆ ಗುಂಪಿನ ಹಾಡು ಕೆಲಸದ ಹೊತ್ತಿನಿಂದ ಸರಿದು ಲೈನುಗಳ ಅಂಗಳಕ್ಕೂ ವಾರದ ರಜೆಗೂ ಬಂದಿತು. ಗಂಜಿ ಬೇಯುವಾಗ ಒಲೆಯ ಮುಂದೆ, ಶನಿವಾರದ ಭಜನೆಯಲ್ಲಿ, ಕೋಲಾಟದಲ್ಲಿ, ಮದುವೆಯ ಸೋಬಾನೆಯಲ್ಲಿ ಅದು ನೆಲೆ ಕಂಡುಕೊಂಡಿತು. ಹೀಗೆ ಕೆಲಸದಿಂದ ಹಾಡು ಬೇರ್ಪಟ್ಟದ್ದು ಇಲ್ಲಿ ಕಾಫಿಯ ಆರ್ಥಿಕ ವ್ಯವಸ್ಥೆಯ ಒಂದು ಪರಿಣಾಮ. ಹಾಡು ಬಿಡುವಿನ ವಸ್ತುವೆಂಬ ವಿದ್ಯಾವಂತರ ಎಣಿಕೆ ಈ ಮಲೆಗಳಲ್ಲಿ ನಿಜವಾದದ್ದು ತೋಟಗಳು ಬಂದ ಮೇಲೆ.

ಕೊಯ್ಲಿನ ಕಾಲವೇ ಯಕ್ಷಗಾನ ಮೇಳಗಳ ತಿರುಗಾಟದ ಕಾಲವೂ ಹೌದು. ದಕ್ಷಿಣ ಕನ್ನಡದ ಮೇಳಗಳು ಘಟ್ಟ ಹತ್ತಿ ಬಂದು ಆಟವಾಡಿದಾಗ, ಊರು ಬಿಟ್ಟು ಬಂದ ಕೆಲಸಗಾರನಿಗೆ ಚೆಂಡೆಯ ಸದ್ದು ತನ್ನ ನಾಡನ್ನೇ ಎದುರಿಗೆ ತಂದಂತಾಗುತ್ತಿತ್ತು. ಅನಂತರ, ಕಾಫಿಗೆ ಹೂಮಳೆ ಬೇಕಾದ ದಿನಗಳ ಆಸುಪಾಸಿನಲ್ಲಿ, ಮೂಡಿಗೆರೆ ಮತ್ತು ಸಕಲೇಶಪುರದ ಹಳ್ಳಿಗಳಲ್ಲಿ ಗ್ರಾಮದೇವತೆಯ ಸುಗ್ಗಿ ಬರುತ್ತದೆ. ಜನ ಬಯಲಿನಲ್ಲಿ ಸುತ್ತುಗಟ್ಟಿ ಕುಣಿದು ಹಾಡುತ್ತಾರೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಪತ್ತನಾಜೆ. ಅಂದಿಗೆ ಕೋಲಗಳಿಗೂ ಆಟಗಳಿಗೂ ತೆರೆ ಬೀಳುತ್ತದೆ, ಮಳೆ ಬರುತ್ತದೆ, ಗದ್ದೆಯ ಹಾಡು ಮತ್ತೆ ಮೊದಲಾಗುತ್ತದೆ. ಹಾಡಿಲ್ಲದ ತಿಂಗಳು ಈ ಪಂಚಾಂಗದಲ್ಲಿ ಇಲ್ಲ.

ಈ ಚಿತ್ರವನ್ನು ಕಂಡು ಹಿಂದಿನ ಕಾಲ ಸುಖಮಯವಾಗಿತ್ತೆಂದು ಹೇಳಹೊರಡುವುದು ಸರಿಯಲ್ಲ. ಮುಂಗಡದ ಸಾಲ ತೀರದೆ ತೋಟಕ್ಕೆ ಕಟ್ಟುಬಿದ್ದವರು ಹಾಡಿದರು. ಮಲೇರಿಯ ಜ್ವರಕ್ಕೆ ಮನೆಯವರನ್ನು ಒಪ್ಪಿಸಿದವರೂ ಹಾಡಿದರು. ಹಾಡಿನಿಂದ ನಾಟಿ ಬೇಗ ಸಾಗಿದರೆ ಲಾಭ ಗದ್ದೆಯ ಒಡೆಯನದೂ ಆಗಿತ್ತು. ಆದರೆ ಕಷ್ಟವಿದ್ದುದರಿಂದ ಆನಂದ ಸುಳ್ಳೆನ್ನುವುದೂ ಅಷ್ಟೇ ತಪ್ಪು. ಕೂಲಿಯನ್ನು ಇನ್ನೊಬ್ಬರು ನಿಗದಿ ಮಾಡುತ್ತಿದ್ದರು. ಹಾಡಿನಲ್ಲಿ ಯಾವ ಕಥೆ, ಎಷ್ಟು ಹೊತ್ತು, ಯಾರ ಕಂಠ ಎಂಬುದನ್ನು ಹಾಡುವವರೇ ನಿಶ್ಚಯಿಸುತ್ತಿದ್ದರು. ೧೯೫೧ರ ತೋಟ ಕಾರ್ಮಿಕರ ಕಾಯಿದೆ ತನ್ನ ಹದಿಮೂರನೆಯ ವಿಭಾಗದಲ್ಲಿ ಕೆಲಸಗಾರರಿಗೂ ಮಕ್ಕಳಿಗೂ ಮನರಂಜನೆಯ ಸೌಕರ್ಯ ಒದಗಿಸುವ ವಿಷಯವನ್ನು ಸೇರಿಸಿತು. ವಸತಿ, ವೈದ್ಯಗಳೊಡನೆ ಸಂತೋಷವೂ ಮನುಷ್ಯನಿಗೆ ಅವಶ್ಯವೆಂದು ಶಾಸನಕರ್ತರು ಆಗ ಒಪ್ಪಿಕೊಂಡರು. ಕೆಲಸಗಾರರು ಅದನ್ನು ಅದಕ್ಕೂ ಬಹಳ ಹಿಂದೆಯೇ ಅರಿತಿದ್ದರು.

ಇನ್ನು ಸಂಗ್ರಹಕಾರರ ವಿಷಯ. ಚಾರ್ಲ್ಸ್ ಗೋವರ್ ೧೮೭೧ರಲ್ಲಿ ದಕ್ಷಿಣ ಭಾರತದ ಜನಪದ ಗೀತಗಳ ಗ್ರಂಥವನ್ನು ಹೊರತಂದಾಗ ಕನ್ನಡದ ಭಾಗವನ್ನು ಹೆಚ್ಚಾಗಿ ದಾಸರ ಪದಗಳಿಂದ ತುಂಬಿದರು. ಗದ್ದೆಯ ಹಾಡಿಗೆ ಅಲ್ಲಿ ಗಮನ ಸಲ್ಲಲಿಲ್ಲ. ಮಂಗಳೂರಿನಲ್ಲಿ ೧೮೮೬ರಲ್ಲಿ ಎ. ಮ್ಯಾನರ್ ಅವರು ತುಳು ಪಾಡ್ದನಗಳನ್ನು ಅಚ್ಚಿಗೆ ತಂದರು. ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ ೧೯೩೧ರಲ್ಲಿಯೂ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಹಾಡುಗಳು’ ೧೯೩೮ರಲ್ಲಿಯೂ ಬಂದು ಕನ್ನಡಿಗರ ಕಣ್ಣು ತೆರೆಸಿದವು. ಇವರೆಲ್ಲರ ಉಪಕಾರ ದೊಡ್ಡದು. ಆದರೂ ಅಚ್ಚಾದ ಹಾಡಿನಲ್ಲಿ ಮಾತು ಉಳಿಯುತ್ತದೆ, ಮಟ್ಟು ಉಳಿಯುವುದಿಲ್ಲ. ಈ ದೃಷ್ಟಿಯಿಂದ ಚಾರ್ಮಾಡಿ ಘಟ್ಟದ ಬುಡದ ಉಜಿರೆಯ ಸಮೀಪದಲ್ಲಿ ನಡೆದ ಕಾರ್ಯ ಗಮನಾರ್ಹ. ಅಲ್ಲಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಕಾರದಿಂದ ಧ್ವನಿಮುದ್ರಿಸಿ ೧೯೯೮ರಲ್ಲಿ ಪ್ರಕಟಿಸಿದರು. ೧೫,೬೮೩ ಸಾಲುಗಳ ಆ ಕಾವ್ಯದ ಮುಖಪುಟದಲ್ಲಿಯೇ ಹಾಡಿದವರ ಹೆಸರಿದೆ.

ಕಳೆದ ಕೆಲವು ದಶಕಗಳಲ್ಲಿ ವರ್ಷಚಕ್ರದ ಅನೇಕ ಕೊಂಡಿಗಳು ಸಡಿಲಗೊಂಡಿವೆ. ಹಿಟ್ಟಿನ ಗಿರಣಿ ಬಂದಾಗ ಬೀಸುವ ಪದ ಅನಾವಶ್ಯಕವಾಯಿತು. ಗದ್ದೆಗಳು ಪಾಳು ಬಿದ್ದಲ್ಲಿ, ತೋಟವಾದಲ್ಲಿ, ನಾಟಿಯ ಹಾಡು ನೆಲ ಕಳೆದುಕೊಂಡಿತು. ಭದ್ರಾವತಿಯ ಆಕಾಶವಾಣಿ ೧೯೬೫ರಲ್ಲಿ ಆರಂಭವಾಗಿ ಮಲೆನಾಡಿನ ಮನೆಗಳಿಗೆ ಗಾನವನ್ನು ಧಾರಾಳವಾಗಿ ತಂದಿತು. ಅದರೊಡನೆ ಹಾಡುವವರು ಕೇಳುವವರಾಗುವ ಪರಿವರ್ತನೆಯೂ ಮುಂದುವರಿಯಿತು. ಯಂತ್ರವನ್ನು ದೂರಿ ಫಲವಿಲ್ಲ. ಬೀಸುವ ಕಲ್ಲಿನ ದಣಿವು ತಪ್ಪಿದ್ದಕ್ಕೆ ಮೊದಲು ಸಂತೋಷಪಟ್ಟವರು ಆ ಪದಗಳನ್ನು ಹಾಡಿದ ಹೆಂಗಸರೇ ಆಗಿರಬೇಕು.

ಇಂದು ಕೊಯ್ಲಿನ ಕಾಲದಲ್ಲಿ ಈ ತೋಟಗಳಿಗೆ ಅಸ್ಸಾಂ, ಝಾರ್ಖಂಡ್, ಪಶ್ಚಿಮ ಬಂಗಾಳಗಳಿಂದಲೂ ಜನ ಬರುತ್ತಾರೆ. ಸಂಜೆ ಲೈನುಗಳಲ್ಲಿ ಅವರ ಮೊಬೈಲುಗಳಿಂದ, ಅವರ ಕಂಠಗಳಿಂದ ನಮಗೆ ಅರ್ಥವಾಗದ ಹಾಡುಗಳು ಕೇಳಿಬರುತ್ತವೆ. ಹತ್ತೊಂಬತ್ತನೆಯ ಶತಮಾನದ ತೋಟಗಾರನ ಕಿವಿಗೆ ತುಳುವಿನ ಪಾಡ್ದನವೂ ಹೀಗೆಯೇ ಅರ್ಥವಿಲ್ಲದ ಸದ್ದಾಗಿದ್ದಿರಬೇಕು. ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಮೀಪದ ಒಂದೊಂದು ತೋಟದಲ್ಲಿ, ಹಾಡುವವರ ಅನುಮತಿ ಪಡೆದು, ಹಾಡನ್ನು ಧ್ವನಿಸಹಿತ ದಾಖಲಿಸಬೇಕೆಂಬುದು ನಮ್ಮ ಸೂಚನೆ. ಹಾಡಿದವರ ಹೆಸರು, ಊರು, ಭಾಷೆ, ಯಾವ ಕೆಲಸದಲ್ಲಿ ಯಾವ ಹೊತ್ತಿನಲ್ಲಿ ಹಾಡಿದರು, ಯಾರಿಂದ ಕಲಿತರು — ಇಷ್ಟನ್ನು ಬರೆದಿಟ್ಟರೆ ಸಾಕು. ನಾಟಿ ಇನ್ನೂ ನಡೆಯುತ್ತಿರುವ ಗದ್ದೆಗಳಲ್ಲಿ ಹಿರಿಯ ಹೆಂಗಸರಿಂದಲೇ ಈ ಕೆಲಸವನ್ನು ಆರಂಭಿಸುವುದು ಲೇಸು. ಅವರ ಬಳಿ ಕಾಲ ಕಡಮೆಯಿದೆ.