ಸಭಾಕಂಪ

ಶಿವಮೊಗ್ಗದಿಂದ ಸವಳಂಗ ರಸ್ತೆಯನ್ನು ಹಿಡಿದು ಹೊರಟರೆ ಊರಿನ ಅಂಚಿನಲ್ಲಿ ನವುಲೆ ಸಿಗುತ್ತದೆ. ರಾಷ್ಟ್ರೀಯ ಶಿಕ್ಷಣ ಸಮಿತಿಯವರು 1980ರಲ್ಲಿ ಆರಂಭಿಸಿದ ಇಂಜಿನಿಯರಿಂಗ್ ಕಾಲೇಜು ಇರುವುದು ಅಲ್ಲಿಯೇ. ರಸ್ತೆ ಇನ್ನೂ ಮುಂದೆ ಸಾಗಿ ಸವಳಂಗವನ್ನು ದಾಟಿ ಶಿಕಾರಿಪುರವನ್ನು ಮುಟ್ಟುತ್ತದೆ. ಅದರಾಚೆಗೆ ಬಳ್ಳಿಗಾವೆ, ಅಲ್ಲಮನ ಊರು. ಅದೇ ಸೀಮೆಯಲ್ಲಿ ಉಡುತಡಿ, ಮಹಾದೇವಿಯಕ್ಕನ ಊರು. ರಸ್ತೆಯ ಈ ತುದಿಯಲ್ಲಿ ಹುಡುಗರು ‘ಸಂವಹನ ಕೌಶಲ’ವೆಂಬ ಹೆಸರಿನಲ್ಲಿ ಮಾತನಾಡುವುದನ್ನು ಪಾಠವಾಗಿ ಕಲಿಯುತ್ತಿದ್ದಾರೆ. ಆ ತುದಿಯಿಂದ ಎಂಟು ನೂರು ವರ್ಷಗಳಿಗೂ ಹಿಂದೆ ಹೊರಟ ಹೆಣ್ಣುಮಗಳೊಬ್ಬಳು ಕಲ್ಯಾಣದ ಶರಣರ ಸಭೆಯ ನಡುವೆ ನಿಂತು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟಳೆಂದು ‘ಶೂನ್ಯಸಂಪಾದನೆ’ ಹೇಳುತ್ತದೆ. ಆಕೆಗೆ ಸಭೆಯಲ್ಲಿ ಮಾತನಾಡುವುದನ್ನು ಕಲಿಸಿದವರು ಯಾರು? ಈ ರಸ್ತೆಯಲ್ಲಿ ಸಂಜೆ ನಡೆಯುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ.

ಸಭೆಯ ಮುಂದೆ ನಿಂತಾಗ ಮೈ ನಡುಗುವುದಕ್ಕೆ ನಮ್ಮಲ್ಲಿ ‘ಸಭಾಕಂಪ’ವೆಂಬ ಚೆಲುವಾದ ಮಾತಿದೆ. ಮಕ್ಕಳ ಸಭಾಕಂಪವೇ ಬೇರೆ, ವಯಸ್ಕರದೇ ಬೇರೆ. ಮಗು ತಪ್ಪಿದರೆ ಜನ ನಕ್ಕು ಚಪ್ಪಾಳೆ ತಟ್ಟುತ್ತಾರೆ. ನಲವತ್ತು ದಾಟಿದ ಗೃಹಸ್ಥ ತಪ್ಪಿದರೆ ಊರು ಅದನ್ನು ಹತ್ತು ವರ್ಷ ನೆನಪಿಡುತ್ತದೆ. ಅದಲ್ಲದೆ, ದೊಡ್ಡವರ ಎದುರು ಬಾಯಿ ತೆರೆಯಬಾರದೆಂಬ ಪಾಠವನ್ನು ಅವನು ಎಳೆತನದಲ್ಲಿಯೇ ಚೆನ್ನಾಗಿ ಕಲಿತಿರುತ್ತಾನೆ. ಅವನಿಗೆ ಮಾತು ಕಲಿಸುವ ಉಪಾಧ್ಯಾಯ ಮೊದಲು ಆ ಹಳೆಯ ಪಾಠವನ್ನು ಮರೆಸಬೇಕು. ಇದು ಸುಲಭದ ಕೆಲಸವಲ್ಲ.

ಹಳೆಯ ಕಾಲದಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ಬಳ್ಳಿಗಾವೆಯ ಕೋಡಿಯಮಠದಲ್ಲಿ ಏನೇನು ಓದಿಸುತ್ತಿದ್ದರೆಂಬುದನ್ನು 1162ರ ಶಾಸನವೊಂದು ಹೆಮ್ಮೆಯಿಂದ ಹೇಳುತ್ತದೆ. ಆದರೆ ಅದು ಓದಲೆಂದೇ ಬಂದವರ ವಿದ್ಯೆ. ಸಾಮಾನ್ಯ ವಯಸ್ಕನ ಪಾಲಿಗೆ ಇದ್ದದ್ದು ಪುರಾಣಶ್ರವಣ, ಹರಿಕಥೆ, ಗಮಕ. ಎಲ್ಲವೂ ಕಿವಿಗೆ ಸಂಬಂಧಿಸಿದವು. ನಾಲಗೆಗೆ ಕೆಲಸ ಕೊಟ್ಟದ್ದೆಂದರೆ ಮಲೆನಾಡು ಮತ್ತು ಕರಾವಳಿಯ ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥ ಹೇಳುವವನ ಕೈಯಲ್ಲಿ ಬರೆದ ಮಾತಿಲ್ಲ. ಎದುರು ಕುಳಿತ ಕರ್ಣನೋ ಕೃಷ್ಣನೋ ಎಸೆದ ತರ್ಕಕ್ಕೆ ಆ ಕ್ಷಣದಲ್ಲಿಯೇ ಉತ್ತರ ಹುಟ್ಟಬೇಕು. ಹಗಲು ಮಗ್ಗಿ ಹೇಳಿಕೊಟ್ಟ ಪ್ರಾಥಮಿಕ ಶಾಲೆಯ ಮೇಷ್ಟ್ರು ರಾತ್ರಿ ಭೀಷ್ಮನಾಗಿ ಅರ್ಥ ಹೇಳುವುದು, ಅವರ ಪಕ್ಕದಲ್ಲಿ ಹೊಸಬನೊಬ್ಬ ದೂತನ ಪಾತ್ರದಿಂದ ಆರಂಭಿಸಿ ವರ್ಷಗಳ ಮೇಲೆ ದೊಡ್ಡ ಪಾತ್ರಕ್ಕೆ ಏರುವುದು ನಮ್ಮ ಕಡೆಯ ಊರುಗಳಲ್ಲಿ ಸಾಮಾನ್ಯವಾಗಿತ್ತು. ಮಾತು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆಯನ್ನು ನಾನು ಕಾಣೆ. ಆದರೆ ಆ ಚಾಪೆಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ. ಅಂಗಳದಲ್ಲಿ ನಿಂತು ಕೇಳಿದವರೇ ಹೆಚ್ಚು.

1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ 144 ಮಂದಿ ಸದಸ್ಯರು ಸೇರಿದರು. ಬಹುಪಾಲು ಜಮೀನುದಾರರು, ವರ್ತಕರು. ಅರಸರ ಸಮ್ಮುಖದಲ್ಲಿ ಕೈಮುಗಿದು ಅಹವಾಲು ಹೇಳಿ ಅಭ್ಯಾಸವಿದ್ದವರು. ಅಹವಾಲು ಹೇಳುವುದು ಬೇರೆ, ಸಭೆಯಲ್ಲಿ ಅಭಿಪ್ರಾಯ ಹೇಳುವುದು ಬೇರೆ. ಈ ವ್ಯತ್ಯಾಸವನ್ನು ಅವರಿಗೆ ಕಲಿಸಲು ಯಾವ ಶಾಲೆಯೂ ಇರಲಿಲ್ಲ, ಸಭೆಯೇ ಶಾಲೆಯಾಗಬೇಕಾಯಿತು.

ಮುಂದಿನ ತಲೆಮಾರಿನಲ್ಲಿ ಅಧ್ಯಾಪಕರು ವೇದಿಕೆಗೆ ಬಂದರು. ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಕನ್ನಡದಲ್ಲಿಯೇ ಉಪನ್ಯಾಸ ಮಾಡಿದರು. ವಿದ್ಯಾವಂತನಾದವನು ಸಭೆಯಲ್ಲಿ ಕನ್ನಡವಾಡಲು ನಾಚುತ್ತಿದ್ದ ಕಾಲ ಅದು ಎಂಬುದನ್ನು ನೆನೆದರೆ ಆ ಉಪನ್ಯಾಸದ ಬೆಲೆ ತಿಳಿಯುತ್ತದೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘ ಹುಟ್ಟಿತು, ಎ. ಆರ್. ಕೃಷ್ಣಶಾಸ್ತ್ರಿಗಳು ಅದರ ಜೀವಾಳವಾಗಿದ್ದರು. ನಮ್ಮ ಶಿವಮೊಗ್ಗದ ಕರ್ನಾಟಕ ಸಂಘ 1930ರಲ್ಲಿ ಬಂದಿತು. 1943ರ ಸಾಹಿತ್ಯ ಸಮ್ಮೇಳನಕ್ಕೆ ಈ ಊರಿನಲ್ಲಿ ಅಧ್ಯಕ್ಷರಾದವರು ಬೇಂದ್ರೆ, 1976ರಲ್ಲಿ ಎಸ್. ವಿ. ರಂಗಣ್ಣ. ಇಬ್ಬರೂ ಮೇಷ್ಟ್ರುಗಳೇ. ಈ ಮಹನೀಯರಿಂದ ನಮ್ಮ ಪಟ್ಟಣಗಳು ಪಡೆದದ್ದು ಅಪಾರ. ಆದರೂ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕು. ಅವರು ಮಾತನಾಡಿದರು, ಊರು ಕೇಳಿತು. ನಾವು ಒಳ್ಳೆಯ ಶ್ರೋತೃಗಳಾದೆವು. ಸಭೆ ಮುಗಿದ ಮೇಲೆ ವಂದನಾರ್ಪಣೆಗೆಂದು ನಮ್ಮಲ್ಲೊಬ್ಬ ಎದ್ದು ನಿಂತರೆ ಅವನ ಕೈಯಲ್ಲಿದ್ದ ಚೀಟಿ ಗಾಳಿಗೆ ಸಿಕ್ಕಿದ ಅಶ್ವತ್ಥದೆಲೆಯಂತೆ ಅಲುಗುತ್ತಿತ್ತು.

ಇನ್ನೊಬ್ಬ ಅಧ್ಯಾಪಕರು ಬೇರೊಂದು ದಾರಿ ತೋರಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಮೈಕಿನ ಮುಂದೆ ಸಭೆಯೂ ಇಲ್ಲ, ಸಭಾಕಂಪಕ್ಕೆ ಕಾರಣವೂ ಇಲ್ಲ ಎಂದು ತೋರಬಹುದು; ಕುಳಿತು ನೋಡಿದವರಿಗೆ ಅದರ ಕಷ್ಟ ಗೊತ್ತು. ಅಲ್ಲಿ ಕೈ ಬೀಸುವಂತಿಲ್ಲ, ಕೂಗುವಂತಿಲ್ಲ. ಯಾವುದೋ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತ ಒಬ್ಬನಿಗೆ ಹೇಳುವಂತೆ ಹೇಳಬೇಕು. ನಮ್ಮ ಪಕ್ಕದ ಭದ್ರಾವತಿಗೆ ಆಕಾಶವಾಣಿ ಬಂದದ್ದು 1965ರಲ್ಲಿ. ಆ ಬಳಿಕ ಭತ್ತದ ರೋಗದ ವಿಷಯವನ್ನು ಪಂಡಿತರಷ್ಟೇ ಅಲ್ಲ, ಗದ್ದೆಯಿಂದ ಎದ್ದು ಬಂದ ರೈತನೂ ಹೇಳುವಂತಾಯಿತು. ವೇದಿಕೆಯ ಭಾಷಣಕ್ಕಿಂತ ಈ ತಗ್ಗಿದ ದನಿಯ ಮಾತೇ ವಯಸ್ಕರಿಗೆ ಹೆಚ್ಚು ಹೊಂದುತ್ತದೆಂದು ನನ್ನ ನಂಬಿಕೆ.

ಹೊರಗಿನ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಡೆನ್ಮಾರ್ಕಿನಲ್ಲಿ ಪಾದ್ರಿ ಗ್ರುಂಡ್ಟ್‌ವಿಗ್, ರೈತಾಪಿ ತರುಣರಿಗೆ ಪುಸ್ತಕಕ್ಕಿಂತ ಜೀವಂತ ಮಾತೇ ಮುಖ್ಯವೆಂದು ವಾದಿಸಿದ. ಅವನ ಆಲೋಚನೆಯಿಂದ 1844ರಲ್ಲಿ ರೊಡ್ಡಿಂಗ್‌ನಲ್ಲಿ ಮೊದಲ ಜನತಾ ಪ್ರೌಢಶಾಲೆ ನಡೆಯಿತು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ವಿದ್ಯಾಪೀಠಗಳನ್ನು ಕಟ್ಟಿದಾಗ ಕಣ್ಣ ಮುಂದಿದ್ದದ್ದು ಇದೇ ಮಾದರಿ. ಅಮೆರಿಕೆಯಲ್ಲಿ ವೈ.ಎಂ.ಸಿ.ಎ.ಯ ಶಿಕ್ಷಣ ವಿಭಾಗದಲ್ಲಿದ್ದ ರಾಲ್ಫ್ ಸ್ಮೆಡ್ಲಿ ಎಂಬಾತ 1924ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಆನಾದಲ್ಲಿ ಒಂದು ಕೂಟವನ್ನು ಆರಂಭಿಸಿದ. ಅಲ್ಲಿ ಗುರುವಿಲ್ಲ. ಸರದಿಯ ಮೇಲೆ ಒಬ್ಬ ಮಾತನಾಡುತ್ತಾನೆ, ಮತ್ತೊಬ್ಬ ಗುಣದೋಷ ಹೇಳುತ್ತಾನೆ. ಟೋಸ್ಟ್‌ಮಾಸ್ಟರ್ಸ್ ಎಂಬ ಆ ಕೂಟಗಳು ಈಗ ನಮ್ಮ ನಗರಗಳಲ್ಲಿಯೂ ಇವೆ. ಅವು ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ. ಆದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಹೆಚ್ಚಾಗಿ ಉದ್ಯೋಗದಲ್ಲಿ ಮೇಲೇರುವವರಿಗಾಗಿ.

ಮೇಲೇರುವುದಕ್ಕಲ್ಲದೆ, ಬದುಕಿ ಉಳಿಯುವುದಕ್ಕೇ ಮಾತು ಬೇಕಾದ ಜನರೂ ಇದ್ದಾರೆ. ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನ ಕಥೆ ನಿಮಗೆ ತಿಳಿದದ್ದೇ. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೆಷ್ಟು ಎಂಬುದೇ ಅಲ್ಲಿಯ ಜಗಳದ ಮೂಲ. ಕೊಳಗ ದೊಡ್ಡದೆಂದು ಪ್ರತಿಯೊಬ್ಬ ಒಕ್ಕಲಿಗೂ ಗೊತ್ತಿತ್ತು. ಅದನ್ನು ಒಡೆಯನ ಅಂಗಳದಲ್ಲಿ ನಿಂತು ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಹಳ್ಳಿಹಳ್ಳಿ ತಿರುಗಿ ರೈತ ಸಂಘವನ್ನು ಕಟ್ಟಿದ ಎಚ್. ಗಣಪತಿಯಪ್ಪನವರನ್ನು ನಾನು ಹೋರಾಟಗಾರರೆಂದಷ್ಟೇ ಅಲ್ಲ, ಶಿಕ್ಷಕರೆಂದೂ ಎಣಿಸುತ್ತೇನೆ. ಕೊಟ್ಟ ಗೇಣಿಗೆ ರಸೀದಿ ಕೊಡಿ ಎಂದು ಕೇಳುವುದು ಎಷ್ಟು ಸಣ್ಣ ವಾಕ್ಯ! ಆ ವಾಕ್ಯವನ್ನು ದೀವರ ಸಮುದಾಯದ ಒಕ್ಕಲುಗಳು ಒಟ್ಟಾಗಿ ಆಡಿದಾಗ, 1951ರ ಏಪ್ರಿಲಿನಲ್ಲಿ, ಅದು ಸತ್ಯಾಗ್ರಹವಾಯಿತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಆರಿಸಿ ಹೋದರು. ಗೌಡರ ವಾಗ್ಮಿತೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಅವರಿಗಿಂತ ಮೊದಲು ತಡವರಿಸುತ್ತ ಮಾತನಾಡಿದ ಒಕ್ಕಲುಗಳನ್ನು ನೆನೆಯುವವರು ಕಡಿಮೆ.

1980ರಲ್ಲಿ ಶಿವಮೊಗ್ಗದ ನೆಲದಿಂದಲೇ ಎದ್ದ ರಾಜ್ಯ ರೈತ ಸಂಘದಲ್ಲಿಯೂ ಒಬ್ಬ ಅಧ್ಯಾಪಕರಿದ್ದರು. ಕಾನೂನು ಬೋಧಿಸುತ್ತಿದ್ದ ಎಂ. ಡಿ. ನಂಜುಂಡಸ್ವಾಮಿಯವರನ್ನು ರೈತರು ‘ಪ್ರೊಫೆಸರ್’ ಎಂದೇ ಕರೆದರು. ಅವರ ಅಧ್ಯಯನ ಶಿಬಿರಗಳಲ್ಲಿ ಹಸಿರು ಶಾಲಿನ ರೈತರು ಕಾನೂನು, ಬೆಲೆ, ಸಾಲಗಳ ವಿಷಯವನ್ನು ಗಂಟೆಗಟ್ಟಲೆ ಕೇಳಿದರು, ಚರ್ಚಿಸಿದರು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತದ್ದು ಆ ದಿನಗಳಲ್ಲಿ. ಅದರ ಸರಿತಪ್ಪುಗಳೇನೇ ಇರಲಿ, ವಿಷಯ ತಿಳಿದವನ ಕಂಠ ತಾನಾಗಿಯೇ ಗಟ್ಟಿಯಾಗುತ್ತದೆ ಎಂಬುದನ್ನು ಆ ಶಿಬಿರಗಳು ತೋರಿಸಿದವು. 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ನಾಲ್ಕನೆಯ ಒಂದು ಭಾಗ ಸ್ಥಾನಗಳು ಹೆಂಗಸರಿಗೆ ಮೀಸಲಾದಾಗ ಇದೇ ಪಾಠವನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಸದಸ್ಯೆ ಕುರ್ಚಿಯಲ್ಲಿ, ಮಾತು ಹಿಂದೆ ನಿಂತ ಗಂಡನ ಬಾಯಲ್ಲಿ. ಇಂಥ ಸಭೆಗಳನ್ನು ನಾನೇ ನೋಡಿದ್ದೇನೆ.

ನಿವೃತ್ತನಾದ ಮೇಲೆ ನಾನೂ ಕೆಲವು ವರ್ಷ ಸವಳಂಗ ರಸ್ತೆಯ ಬದಿಯ ಒಂದು ಕೊಠಡಿಯಲ್ಲಿ ಸಂಜೆಯ ಪಾಠ ನಡೆಸಿದೆ. ಅಂಗಡಿಯವರು, ಗುಮಾಸ್ತರು, ಒಬ್ಬಿಬ್ಬರು ಪಂಚಾಯಿತಿ ಸದಸ್ಯೆಯರು ಬರುತ್ತಿದ್ದರು. ಅವರಲ್ಲಿ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ರೈತರೊಬ್ಬರು ಮೊದಲ ದಿನವೇ ಹೇಳಿದರು: “ಮೇಷ್ಟ್ರೇ, ನಂಗೆ ಭಾಷಣ ಬ್ಯಾಡ. ಸೊಸೈಟಿ ಸಭೇಲಿ ಒಂದೇ ಒಂದು ಮಾತು ಕೇಳ್ಬೇಕು. ಅದು ಗಂಟ್ಲಿಂದ ಈಚೆಗೇ ಬರಲ್ಲ.” ಅವರ ಹೆಸರಿನಲ್ಲಿ ಪಡೆಯದ ಗೊಬ್ಬರಕ್ಕೆ ಸಾಲ ಬರೆದಿದ್ದರು. ಅವರೊಬ್ಬರಿಗೇ ಅಲ್ಲ, ಹಲವರಿಗೆ.

ನಾನು ಮಾಡಿದ್ದೇನು? ಅವರಿಗೆ ಭಾಷಣವನ್ನೇ ಬರೆದುಕೊಟ್ಟೆ. ‘ಮಾನ್ಯ ಅಧ್ಯಕ್ಷರೇ’ ಎಂದು ಆರಂಭ, ನಡುವೆ ಒಂದು ಸುಭಾಷಿತ. ಅವರು ಅಕಾರ ಹಕಾರಗಳನ್ನು ಅದಲುಬದಲು ಮಾಡುತ್ತಿದ್ದರು. ‘ಓದ ವರ್ಷ’ ಎಂದಾಗಲೆಲ್ಲ ನಾನು ‘ಹೋದ’ ಎಂದು ತಿದ್ದಿದೆ. ಒಂದು ವಾರವಾಗುವಷ್ಟರಲ್ಲಿ ಅವರು ತರಗತಿಯಲ್ಲಿಯೂ ಬಾಯಿ ತೆರೆಯುವುದನ್ನು ಬಿಟ್ಟರು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದು ಅರ್ಥವಾಗಲು ಇನ್ನೂ ಒಂದು ವಾರ ಬೇಕಾಯಿತು. ಆಮೇಲೆ ಬರೆದ ಹಾಳೆಯನ್ನು ಹಿಂದಕ್ಕೆ ಪಡೆದು, ಸಾಲದ ಪುಸ್ತಕವನ್ನು ತರಹೇಳಿ, ಅಂಕಿಗಳನ್ನು ಇಬ್ಬರೂ ಕೂಡಿ ನೋಡಿದೆವು. ದಿನಕ್ಕೊಮ್ಮೆ ಆ ಒಂದು ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಎದ್ದು ನಿಂತು ಕೇಳಿಸಿದೆ. ಉಳಿದವರು ಅಡ್ಡ ಮಾತನಾಡಬೇಕು, ಗದ್ದಲ ಮಾಡಬೇಕು, ಅವರು ಕುಳಿತುಕೊಳ್ಳಬಾರದು. ಇಷ್ಟೇ ಅಭ್ಯಾಸ.

ವಾರ್ಷಿಕ ಸಭೆಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಲೆಕ್ಕಪತ್ರ ಮಂಡನೆಯಾಯಿತು, ಯಾರೋ ಅನುಮೋದನೆ ಎಂದರು. ಅವರು ಎದ್ದರು. ಕೈ ನಡುಗುತ್ತಿದ್ದದ್ದು ನನಗೆ ದೂರದಿಂದಲೇ ಕಾಣಿಸಿತು. “ಓದ ವರ್ಷದ ಗೊಬ್ಬರದ ಲೆಕ್ಕ ಓದಿ ಸ್ವಾಮಿ, ಹೆಸರು ಹೆಸರಾಗಿ ಓದಿ” ಎಂದರು. ಆಮೇಲೆ ನೋಡೋಣ, ಕೂತುಕೊಳ್ಳಿ ಎಂದು ವೇದಿಕೆಯಿಂದ ಉತ್ತರ ಬಂತು. ಅವರು ಕೂರಲಿಲ್ಲ. ಇನ್ನೊಮ್ಮೆ ಕೇಳಿದರು. ಮೂರನೆಯ ಸಲ ಕೇಳುವಷ್ಟರಲ್ಲಿ ಅವರ ಪಕ್ಕದಲ್ಲಿ ಮತ್ತೊಬ್ಬರು ಎದ್ದು ನಿಂತಿದ್ದರು, ಬಾಗಿಲ ಬಳಿ ನಾಲ್ಕೈದು ಮಂದಿ. ಒಳಗಿನಿಂದ ಪುಸ್ತಕ ತರಿಸಿದರು. ಓದಿ ಮುಗಿಸುವಾಗ ದೀಪ ಹತ್ತಿಸುವ ಹೊತ್ತಾಗಿತ್ತು.